ಮಾಗಿಯ ಕಳೆಗಳೂ ಮನೆಯಂಗಳದ ಗರಿಕೆಯೂ

(ಹಿರಿಯೂರು ತಾಲ್ಲೂಕು ಜವನಗೊಂಡನಹಳ್ಳಿ ಹೋಬಳಿಯ ಹಿಡುವಳಿದಾರರನ್ನೂ ಗ್ರಾಮದ ಮುಖಂಡರನ್ನೂ ಉದ್ದೇಶಿಸಿದ ಉಪನ್ಯಾಸ)



ಹೊಲದ ಕಳೆಯ ವಿಚಾರವನ್ನು ತಮಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕುಂಟೆ ಹೊಡೆಯುವುದೂ ಎಡೆ ಹಾಯಿಸುವುದೂ ಕುರ್ಚಿಗೆ ಹಿಡಿದು ಸಾಲು ಸಾಲಾಗಿ ಕಳೆ ತೆಗೆಯುವುದೂ ತಮಗೆ ಹಿರಿಯರಿಂದ ಬಂದ ವಿದ್ಯೆ. ಆದರೆ ಹೊಲದಲ್ಲಿ ಒಂದು ಕಳೆಯನ್ನೂ ಉಳಿಸದ ಗೃಹಸ್ಥನ ಮನೆಯಂಗಳವನ್ನು ಕಾರ್ತಿಕ ಕಳೆದ ಮೇಲೆ ನೋಡಿದರೆ, ಬಾಗಿಲಿನಿಂದ ತಿಪ್ಪೆಯವರೆಗೂ ನೆಗ್ಗಿಲು, ಪುಲ್ಲಂಪುರ್ಚಿ, ಪಾರ್ಥೇನಿಯಂ, ಅರಿಸಿನ ದತ್ತೂರಿ ಇವೆಲ್ಲವೂ ನಿಶ್ಚಿಂತೆಯಿಂದ ಹೂಬಿಟ್ಟು ಬೀಜ ಕಟ್ಟುತ್ತಿರುವುದನ್ನು ಕಾಣಬಹುದು. ಅಂಗಳದ ಕಳೆಯಿಂದ ನಷ್ಟವೇನು, ಅಲ್ಲಿ ಬೆಳೆ ಇಲ್ಲವಲ್ಲ ಎಂದು ಅನೇಕರು ತಿಳಿದಿರುವರು. ಈ ತಿಳಿವಳಿಕೆ ಸರಿಯಲ್ಲವೆಂಬುದನ್ನೂ, ಅಂಗಳವನ್ನು ಹೆಚ್ಚು ಖರ್ಚಿಲ್ಲದೆ ಶುಚಿಯಾಗಿಡುವ ಕ್ರಮವನ್ನೂ ಈ ದಿನ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

1. ಅಂಗಳದ ಬೀಜ ಹೊಲಕ್ಕೆ ಹೋಗುವ ದಾರಿ

ಅಂಗಳದಲ್ಲಿ ಬಲಿತ ಕಳೆಯ ಬೀಜ ಅಂಗಳದಲ್ಲಿಯೇ ಉಳಿಯುವುದಿಲ್ಲ. ಗುಡಿಸಿದ ಕಸದೊಡನೆ ಅದು ತಿಪ್ಪೆಗೆ ಬೀಳುವುದು. ದನಗಳು ಮೇಯ್ದ ಬೀಜದಲ್ಲಿ ಒಂದು ಪಾಲು ಹೊಟ್ಟೆಯಲ್ಲಿ ಅರಗದೆ ಸಗಣಿಯೊಡನೆ ಜೀವಂತವಾಗಿಯೇ ಹೊರಬರುವುದು. ಕುರಿಯ ತುಪ್ಪಟಕ್ಕೆ ನೆಗ್ಗಿಲೂ ಉತ್ತರಾಣಿಯೂ ಅಂಟಿಕೊಂಡು ಹಟ್ಟಿಯಿಂದ ಹೊಲಕ್ಕೆ, ಹೊಲದಿಂದ ಹಟ್ಟಿಗೆ ಪ್ರಯಾಣ ಮಾಡುವುವು. ಬೇಸಗೆಯಲ್ಲಿ ತಿಪ್ಪೆಯ ಗೊಬ್ಬರವನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಚೆಲ್ಲುವಾಗ ನಾವು ಗೊಬ್ಬರವನ್ನೂ ಚೆಲ್ಲುವೆವು, ಕಳೆಯ ಬೀಜವನ್ನೂ ಬಿತ್ತುವೆವು. ಮುಂಗಾರು ಬಿದ್ದ ಮೇಲೆ ಶೇಂಗಾದ ಸಾಲಿನಲ್ಲಿ ಕಳೆ ತೆಗೆಯಲು ಕೊಡುವ ಕೂಲಿಯಲ್ಲಿ ಒಂದು ಭಾಗ, ಹಿಂದಿನ ಮಾಗಿಯಲ್ಲಿ ಅಂಗಳವನ್ನು ಅಲಕ್ಷ್ಯ ಮಾಡಿದುದಕ್ಕೆ ತೆರುವ ದಂಡವೆಂದೇ ತಿಳಿಯಬೇಕು.

ಈ ಸೀಮೆಗೆ ಇದು ವಿಶೇಷವಾಗಿ ಅನ್ವಯಿಸುವುದು. ಹಿರಿಯೂರು ತಾಲ್ಲೂಕು ಮಳೆಯ ನೆರಳಿನ ನಾಡು. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದು. ಆ ಹದ ಆರುವುದಕ್ಕೆ ಮುಂಚೆಯೇ ಮಂಜು ಬೀಳಲು ಆರಂಭವಾಗುವುದು. ಹಗಲಿನ ಬಿಸಿಲು ಮೃದು, ರಾತ್ರಿಯ ತಂಪು ಹೆಚ್ಚು, ನೆಲದಲ್ಲಿ ತೇವ. ಚಳಿಗಾಲದ ಕಳೆಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಇದೇ ಸಮಯದಲ್ಲಿ ರಾಗಿಯ ಕಟಾವು, ಶೇಂಗಾ ಒಣಗಿಸುವುದು, ಕಣ ಮಾಡುವುದು ಮುಂತಾದ ಕೆಲಸಗಳಿಂದ ಮನೆಯವರೆಲ್ಲರಿಗೂ ಬಿಡುವಿಲ್ಲ. ಆದಕಾರಣ ಕಳೆಗೆ ಎರಡು ತಿಂಗಳ ಅವಕಾಶ ಅನಾಯಾಸವಾಗಿ ದೊರೆಯುವುದು.

2. ಅಂಗಳಕ್ಕೆ ಗರಿಕೆಯೇ ಏಕೆ

ಬರಿಯ ನೆಲವನ್ನು ಭೂಮಿ ಬಹುಕಾಲ ಸಹಿಸುವುದಿಲ್ಲ. ನಾವು ಏನನ್ನೂ ಬೆಳೆಸದಿದ್ದರೆ ತಾನೇ ಏನನ್ನಾದರೂ ಬೆಳೆಸುವುದು. ಆದುದರಿಂದ ಕಳೆಯನ್ನು ಕಿತ್ತರೆ ಸಾಲದು. ಅದರ ಸ್ಥಳವನ್ನು ಒಳ್ಳೆಯ ಸಸ್ಯವೊಂದು ಹಿಡಿಯುವಂತೆ ಮಾಡಬೇಕು. ಮನೆಯ ಮುಂದಣ ನೆಲ, ಶಾಲೆಯ ಬಯಲು, ಆಸ್ಪತ್ರೆಯ ಆವರಣ, ದೇವಸ್ಥಾನದ ಪ್ರಾಕಾರ ಇವುಗಳಿಗೆ ನಮ್ಮ ಗರಿಕೆಗಿಂತ ತಕ್ಕ ಹುಲ್ಲು ಬೇರೊಂದಿಲ್ಲ. ಹೊಲದಲ್ಲಿ ಗರಿಕೆ ರೈತನಿಗೆ ಶತ್ರು. ನೇಗಿಲಿಗೂ ಬಗ್ಗದ ಕಳೆ. ಅದೇ ಗರಿಕೆ ಅಂಗಳದಲ್ಲಿ ಧೂಳನ್ನು ಅಡಗಿಸುವುದು, ಮಳೆಯ ನೀರಿಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದು, ಮಕ್ಕಳ ಕಾಲಿಗೆ ಮೆತ್ತನೆಯ ಹಾಸಾಗುವುದು, ವಿನಾಯಕನ ಪೂಜೆಗೂ ಒದಗುವುದು. ಸ್ಥಳ ತಪ್ಪಿದ ಸಸ್ಯವೇ ಕಳೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪಟ್ಟಣಗಳ ತೋಟದವರು ಮಾರುವ ಅಗಲ ಎಲೆಯ ಹುಲ್ಲುಗಳನ್ನು ಇಲ್ಲಿ ಹಾಕಬಾರದು. ಅವು ನೀರನ್ನು ಬಹಳವಾಗಿ ಬೇಡುವುವು. 1898ರಲ್ಲಿ ಆರಂಭಿಸಿ 1907ರಲ್ಲಿ ಪೂರೈಸಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಪುನಃ ಕೋಡಿ ಬಿದ್ದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದು ಕೋಡಿ ಕಂಡ ಸೀಮೆಯಲ್ಲಿ ಅಂಗಳದ ಹುಲ್ಲಿಗಾಗಿ ಕೊಳವೆ ಬಾವಿಯನ್ನು ಬರಿದು ಮಾಡುವುದು ವಿವೇಕವಲ್ಲ. ಗರಿಕೆಯಾದರೋ ಬೇಸಗೆಯಲ್ಲಿ ಒಣಗಿದಂತೆ ಕಂಡರೂ ಬೇರಿನಲ್ಲಿ ಜೀವ ಹಿಡಿದಿದ್ದು ಮೊದಲ ಮಳೆಗೆ ಚಿಗುರುವುದು.

ಆದರೆ ಗರಿಕೆಗೆ ಒಂದು ದೌರ್ಬಲ್ಯ ಉಂಟು. ಅದು ಬಿಸಿಲಿನ ಹುಲ್ಲು. ಚಳಿಗಾಲದ ರಾತ್ರಿಗಳಲ್ಲಿ ಅದರ ಬೆಳವಣಿಗೆ ಕುಂಠಿತವಾಗುವುದು. ಗರಿಕೆ ಹೀಗೆ ನಿದ್ರಿಸುವಾಗ ಎಡೆ ಸಿಕ್ಕಿದಲ್ಲೆಲ್ಲ ಕಳೆಯು ತಲೆಯೆತ್ತುವುದು. ಮಾಗಿಯಲ್ಲಿ ಅಂಗಳಕ್ಕೆ ಹೆಚ್ಚಿನ ಎಚ್ಚರ ಬೇಕಾದುದು ಇದಕ್ಕಾಗಿಯೇ.

3. ಮೂರೆಲೆಯ ಗಿಡಗಳು

ತಂಪು ದೇಶಗಳ ಮನೆಯಂಗಳಗಳಲ್ಲಿ ಕ್ಲೋವರ್ ಎಂಬ ಮೂರೆಲೆಯ ಗಿಡ ಪ್ರಸಿದ್ಧವಾದುದು. ನಮ್ಮ ಕಡೆ ಅದನ್ನು ನೀಲಗಿರಿಯಂತಹ ಎತ್ತರದ ತಂಪು ಪ್ರದೇಶಗಳಲ್ಲಿ ಕಾಣಬಹುದೇ ಹೊರತು ಈ ಬಯಲು ಸೀಮೆಯಲ್ಲಿ ಕಾಣುವುದಿಲ್ಲ. ಅದು ಅವರೆ, ಹುರುಳಿಗಳ ಕುಲಕ್ಕೆ ಸೇರಿದುದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವುದು. ಒಂದು ಕಾಲದಲ್ಲಿ ಆ ದೇಶದವರು ಅದರ ಬೀಜವನ್ನು ಹುಲ್ಲಿನ ಬೀಜದೊಡನೆ ಬೆರಸಿ ತಾವಾಗಿಯೇ ಬಿತ್ತುತ್ತಿದ್ದರು. 1940ರ ದಶಕದಲ್ಲಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ 2,4-ಡಿ ಎಂಬ ಔಷಧ ಬಂದ ಮೇಲೆ, ಆ ಔಷಧಕ್ಕೆ ಸಾಯುವ ಕ್ಲೋವರ್ ಕೂಡ ಕಳೆಯ ಪಟ್ಟಿಗೆ ಸೇರಿತು.

ನಮ್ಮ ಅಂಗಳಗಳಲ್ಲಿ ಇದೇ ಬಗೆಯ ಮೂರೆಲೆಯ ಗಿಡಗಳು ಎರಡು ಉಂಟು. ಒಂದು, ನೆಲಕ್ಕೆ ಅಂಟಿ ಹಬ್ಬುವ, ಬಹು ಸಣ್ಣ ಎಲೆಯ, ನೇರಳೆ ಹೂವಿನ ಗಿಡ. ಇದೂ ಅವರೆಯ ಕುಲದ್ದೇ. ಹುಲ್ಲಿನ ನಡುವೆ ಇದು ಬಲವಾಗಿ ಹರಡಿದರೆ ಆ ನೆಲದಲ್ಲಿ ಸಾರ ಕಡಿಮೆಯಾಗಿ ಗರಿಕೆ ಬಡವಾಗಿದೆಯೆಂದು ಅರ್ಥ ಮಾಡಿಕೊಳ್ಳಬೇಕು. ಇದನ್ನು ಕೀಳುವುದಕ್ಕಿಂತ ಗರಿಕೆಗೆ ಗೊಬ್ಬರ ಕೊಡುವುದೇ ಮೇಲು. ಗರಿಕೆ ಬಲಿತರೆ ಇದು ತಾನಾಗಿ ಹಿಂದೆ ಸರಿಯುವುದು. ಸ್ವಲ್ಪ ಉಳಿದರೂ ಹಾನಿಯಿಲ್ಲ.

ಮತ್ತೊಂದು ಪುಲ್ಲಂಪುರ್ಚಿ. ಹಳದಿ ಹೂವು, ಹುಳಿ ಎಲೆ; ಹೆಂಗಸರು ಹಿತ್ತಾಳೆಯ ಪಾತ್ರೆ ಬೆಳಗಲು ಉಪಯೋಗಿಸುವುದುಂಟು. ನೋಟಕ್ಕೆ ಕ್ಲೋವರಿನಂತಿದ್ದರೂ ಇದು ಬೇರೆ ಕುಲದ್ದು; ನೆಲಕ್ಕೆ ಸಾರವನ್ನು ಕೊಡುವುದಿಲ್ಲ. ಇದರ ಬಳ್ಳಿ ಗೆಣ್ಣುಗೆಣ್ಣಿನಲ್ಲಿಯೂ ಬೇರು ಬಿಡುವುದು. ಕಾಯಿ ಬಲಿತಾಗ ಸಿಡಿದು ಬೀಜವನ್ನು ಕೆಲವು ಅಡಿಗಳ ದೂರಕ್ಕೆ ಎರಚುವುದು. ಆದುದರಿಂದ ಇದನ್ನು ಹೂವಿನ ಹೊತ್ತಿಗೆ ಮುಂಚಿತವಾಗಿ, ನೆಲ ನೆನೆದಿರುವಾಗ, ನಡುವಣ ಬೇರಿನಿಂದ ಹಿಡಿದು ಬಳ್ಳಿಯ ತುದಿಯವರೆಗೂ ಬಿಡಿಸಿ ತೆಗೆಯಬೇಕು. ಒಣ ನೆಲದಲ್ಲಿ ಜಗ್ಗಿದರೆ ಬಳ್ಳಿ ತುಂಡಾಗಿ, ಉಳಿದ ತುಂಡುಗಳು ಪುನಃ ಚಿಗುರುವುವು.

4. ಉಪೇಕ್ಷಿಸಬಾರದ ನಾಲ್ಕು ಕಳೆಗಳು

ನೆಗ್ಗಿಲು. ಇದರ ಮುಳ್ಳು ಮಕ್ಕಳ ಪಾದವನ್ನೂ ಕುರಿಮರಿಗಳ ಗೊರಸಿನ ಸಂದನ್ನೂ ನೋಯಿಸುವುದನ್ನು ತಾವು ಬಲ್ಲಿರಿ. ಗಿಡ ಎಷ್ಟು ಅಗಲವಾಗಿ ಹರಡಿದ್ದರೂ ಅದಕ್ಕಿರುವುದು ಒಂದೇ ತಾಯಿಬೇರು. ಕಾಯಿ ಹಸಿರಾಗಿರುವಾಗಲೇ ಕುರ್ಚಿಗೆಯಿಂದ ಬೇರನ್ನು ನೆಲದೊಳಗೆ ಒಂದಂಗುಲ ಕೆಳಗೆ ಕತ್ತರಿಸಿದರೆ ಗಿಡ ಸಾಯುವುದು. ಕಾಯಿ ಒಣಗಿ ಉದುರಿದ್ದರೆ, ನೀರಿನಲ್ಲಿ ನೆನೆಸಿದ ಗೋಣಿತಾಟನ್ನು ನೆಲದ ಮೇಲೆ ಎಳೆದಾಡಿದಲ್ಲಿ ಮುಳ್ಳುಗಳು ಅದಕ್ಕೆ ಚುಚ್ಚಿಕೊಂಡು ಬರುವುವು. ಆ ಮುಳ್ಳುಗಳನ್ನು ಬಿಡಿಸಿ ಸುಟ್ಟುಬಿಡತಕ್ಕದ್ದು.

ಅರಿಸಿನ ದತ್ತೂರಿ. ಮುಳ್ಳೆಲೆ, ಹಳದಿ ಹೂವು, ಮುರಿದರೆ ಹಳದಿ ಹಾಲು. ಚಳಿಗಾಲದಲ್ಲಿಯೇ ಇದು ಸೊಕ್ಕಿ ಬೆಳೆಯುವುದು. ಇದರ ಬೀಜ ಕಪ್ಪಗೆ, ದುಂಡಗೆ, ಸಾಸಿವೆಯಂತೆಯೇ ಇರುವುದು. ಅಪಾಯವಿರುವುದು ಇಲ್ಲಿಯೇ. ಸಾಸಿವೆಯೊಡನೆ ಬೆರೆತು ಗಾಣಕ್ಕೆ ಹೋದರೆ ಆ ಎಣ್ಣೆಯನ್ನು ತಿಂದವರಿಗೆ ಕಾಲು ಬಾತು, ಉಸಿರು ಕಟ್ಟಿ, ಹೃದಯಕ್ಕೆ ಕೇಡಾಗುವುದು. 1998ರಲ್ಲಿ ದೆಹಲಿಯಲ್ಲಿ ಇಂತಹ ಎಣ್ಣೆಯಿಂದ ಅನೇಕರು ಪ್ರಾಣ ಕಳೆದುಕೊಂಡರು. ಆದುದರಿಂದ ಕಣದ ಸುತ್ತ ಇದರ ಒಂದು ಗಿಡವನ್ನೂ ಕಾಯಿ ಕಟ್ಟಲು ಬಿಡಬಾರದು. ಸಾಸಿವೆ ಬೆಳೆಯುವವರು ಹೊಲದ ಬದುವಿನಲ್ಲಿಯೂ ಇದನ್ನು ಹುಡುಕಿ ಕೀಳಬೇಕು.

ಪಾರ್ಥೇನಿಯಂ. ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಈ ಕಳೆಯು ಅಮೆರಿಕಾ ಖಂಡದಿಂದ ಬಂದುದು. ನಮ್ಮ ದೇಶದಲ್ಲಿ ಇದರ ಹಾವಳಿಯನ್ನು 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಿದರು. ಅಲ್ಲಿಂದೀಚೆಗೆ ರಸ್ತೆ, ರೈಲುಹಾದಿಗಳನ್ನು ಹಿಡಿದು ಇದು ಎಲ್ಲೆಡೆಗೂ ಹಬ್ಬಿತು. ಜವನಗೊಂಡನಹಳ್ಳಿಯು ಹೆದ್ದಾರಿಯ ಮೇಲಿರುವ ಊರು; ಲಾರಿಗಳ ಚಕ್ರದ ಕೆಸರಿನೊಡನೆ ಬೀಜ ಪ್ರತಿವರ್ಷವೂ ಬರುತ್ತಲೇ ಇರುವುದು. ಬಲಿತ ಒಂದು ಗಿಡ ಹತ್ತಾರು ಸಾವಿರ ಬೀಜಗಳನ್ನು ಬಿಡಬಲ್ಲದು. ಇದರ ಸೋಂಕಿನಿಂದ ಕೆಲವರಿಗೆ ಚರ್ಮದಲ್ಲಿ ಗಂಧೆ, ತುರಿಕೆ ಏಳುವುವು. ಹೂವಿನ ಧೂಳಿನಿಂದ ಸೀನು, ಉಬ್ಬಸ ಬರುವುವು. ಒಮ್ಮೆ ಮೈಗೆ ಒಗ್ಗದೆಹೋದರೆ ಆಮೇಲೆ ಸ್ವಲ್ಪ ಸೋಂಕಿದರೂ ಬಾಧೆ ಮರುಕಳಿಸುವುದು.

ಈ ಗಿಡವನ್ನು ತಿನ್ನುವ ಒಂದು ಜಾತಿಯ ದುಂಬಿಯನ್ನು ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ಚೆನ್ನಾಗಿ ತಿನ್ನುವುದು. ಆದರೆ ಮಳೆ ನಿಂತು ಚಳಿ ಬಿದ್ದೊಡನೆ ದುಂಬಿಗಳು ಹೆಚ್ಚಾಗಿ ಮಣ್ಣಿನೊಳಗೆ ಸೇರಿ ಸುಪ್ತಾವಸ್ಥೆಯಲ್ಲಿರುವುವು. ಹೀಗಿರುವುದರಿಂದ ಮಾಗಿಯಲ್ಲಿ ಮೊಳೆತ ಪಾರ್ಥೇನಿಯಂ ದುಂಬಿಯ ಬಾಯಿಂದ ತಪ್ಪಿಸಿಕೊಳ್ಳುವುದು. ಆ ಕಾಲದಲ್ಲಿ ನಮ್ಮ ಕೈಗಳೇ ದುಂಬಿಯ ಕೆಲಸವನ್ನು ಮಾಡಬೇಕು. ಕೀಳುವವರು ಕೈಗೆ ಚೀಲವನ್ನೋ ಬಟ್ಟೆಯನ್ನೋ ಸುತ್ತಿಕೊಂಡು, ಮೂಗಿಗೂ ಬಟ್ಟೆ ಕಟ್ಟಿಕೊಳ್ಳತಕ್ಕದ್ದು. ಉಬ್ಬಸವುಳ್ಳವರನ್ನೂ ಮಕ್ಕಳನ್ನೂ ಈ ಕೆಲಸಕ್ಕೆ ಹಚ್ಚಕೂಡದು. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದುದನ್ನು ಹಾಕಬಾರದು.

ಕೊನ್ನಾರಿ. ಜೇಕು ಎಂದೂ ಹೇಳುವರು. ಇದರ ಬಲವೆಲ್ಲ ನೆಲದೊಳಗಣ ಗಡ್ಡೆಗಳಲ್ಲಿದೆ. ಸರದ ಮಣಿಗಳಂತೆ ಒಂದಕ್ಕೊಂದು ಪೋಣಿಸಿಕೊಂಡಿರುವುವು. ಮೇಲಣ ಗರಿಯನ್ನು ಮಾತ್ರ ಕಿತ್ತರೆ ಗಡ್ಡೆ ನಗುತ್ತಾ ಮತ್ತೆ ಚಿಗುರುವುದು. ಮಳೆಗಾಲದಲ್ಲಿ ಚಿಗುರಿದಂತೆಲ್ಲ ತೆಗೆದು ಗಡ್ಡೆಯ ಶಕ್ತಿಯನ್ನು ಬತ್ತಿಸುವುದೂ, ಬೇಸಗೆಯಲ್ಲಿ ಆ ಭಾಗವನ್ನು ಒಂದಡಿ ಆಳಕ್ಕೆ ಅಗೆದು ಗಡ್ಡೆಗಳನ್ನು ಸುಡುಬಿಸಿಲಿಗೆ ಒಡ್ಡಿ ಒಣಗಿಸುವುದೂ ಇದಕ್ಕೆ ಮದ್ದು. ಹೊರಗಿನಿಂದ ತರುವ ಮಣ್ಣಿನೊಡನೆಯೇ ಇದು ಅಂಗಳಕ್ಕೆ ಬರುವುದು ಹೆಚ್ಚು. ಆದಕಾರಣ ಮಣ್ಣು ಹೇರಿಸುವಾಗಲೇ ನೋಡಿ ತರಿಸಬೇಕು.

5. ವರ್ಷದ ಕ್ರಮ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳಬಾರದೆಂಬ ಗಾದೆಯುಂಟು. ಕಳೆಯ ವಿಷಯದಲ್ಲಿ ಅದು ಅಕ್ಷರಶಃ ಸತ್ಯ. ಕೆಲಸವನ್ನು ಹಬ್ಬಗಳ ಲೆಕ್ಕದಲ್ಲಿ ಹೀಗೆ ಹಂಚಿಕೊಂಡರೆ ಮರೆಯುವ ಭಯವಿಲ್ಲ.

ಮುಂಗಾರು ಮಳೆ ನೆಲೆನಿಂತ ಮೇಲೆ ಬರಿಯ ನೆಲವನ್ನು ನಾಲ್ಕಂಗುಲ ಅಗೆದು, ಗರಿಕೆಯ ಬೇರುಸಹಿತ ತುಂಡುಗಳನ್ನು ಅಂಗೈ ಅಗಲದ ಅಂತರದಲ್ಲಿ ನೆಡಬೇಕು. ಚೆನ್ನಾಗಿ ಕಳಿತು ಜರಡಿಯಾಡಿದ ಗೊಬ್ಬರವನ್ನು ಅರ್ಧ ಅಂಗುಲದ ದಪ್ಪಕ್ಕೆ ಈ ಕಾಲದಲ್ಲಿಯೇ ಹರಡಬೇಕು. ಚಳಿಗಾಲದಲ್ಲಿ ಗೊಬ್ಬರ ಹಾಕಕೂಡದು; ಆಗ ಹಾಕಿದ ಗೊಬ್ಬರ ನಿದ್ರಿಸುವ ಗರಿಕೆಗೆ ಸಲ್ಲದೆ ಎಚ್ಚತ್ತಿರುವ ಕಳೆಗೆ ಸಲ್ಲುವುದು.

ಆಯುಧಪೂಜೆ ಕಳೆದ ವಾರ ಮೊದಲ ಕಳೆ. ಆಗ ಸಸಿಗಳು ಎರಡು ಮೂರು ಎಲೆಯವು; ಮನೆಯವರು ಬೆಳಗಿನ ಒಂದು ಗಂಟೆಯಲ್ಲಿ ಮುಗಿಸಬಹುದು. ದೀಪಾವಳಿ ಆದ ಮೇಲೆ ಎರಡನೆಯ ಕಳೆ. ಕಣಕ್ಕೆ ತೆನೆ ತರುವುದಕ್ಕೆ ಮುಂಚೆ ಕಣದ ಸುತ್ತಲೂ ಹತ್ತಡಿ ಅಗಲ ಶುದ್ಧ ಮಾಡತಕ್ಕದ್ದು. ಸಂಕ್ರಾಂತಿಯ ವೇಳೆಗೆ ಮೂರನೆಯ ಕಳೆ. ಹಿಂದೆ ತಪ್ಪಿಸಿಕೊಂಡು ಹೂವಿಗೆ ಬಂದವು ಇದರಲ್ಲಿ ಸಿಕ್ಕಬೇಕು. ಶಿವರಾತ್ರಿಗೆ ಒಂದು ಸುತ್ತು ನೋಡಿದರೆ ವರ್ಷದ ಕೆಲಸ ಮುಗಿಯಿತು.

ಹುಲ್ಲನ್ನು ನೆಲಮಟ್ಟಕ್ಕೆ ಹೆರೆಯಬಾರದು. ಒಂದು ಅಥವಾ ಒಂದೂವರೆ ಅಂಗುಲ ಉಳಿಸಿ ಕತ್ತರಿಸಿದರೆ ಅದರ ನೆರಳಿನಲ್ಲಿ ಕಳೆಯ ಬೀಜ ಮೊಳೆಯುವುದು ಕಡಿಮೆ. ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದಕ್ಕಿಂತ, ಅನೇಕ ದಿನಕ್ಕೊಮ್ಮೆ ಬೇರಿನವರೆಗೆ ಇಳಿಯುವಂತೆ ಹಾಯಿಸುವುದು ಮೇಲು. ಮೇಲ್ಮಣ್ಣು ಸದಾ ತೇವವಾಗಿದ್ದರೆ ಲಾಭ ಕಳೆಗೇ.

ಕಿತ್ತ ಕಳೆಯನ್ನು ತಿಪ್ಪೆಯ ಮೇಲೆ ಎಸೆದು ಸುಮ್ಮನಿರಬಾರದು. ಗೊಬ್ಬರವನ್ನು ಗುಡ್ಡೆ ಮಾಡಿ, ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ತಿರುವಿಹಾಕಿದರೆ ಅದರ ಕಾವಿಗೆ ಬಹುಪಾಲು ಬೀಜಗಳು ಸಾಯುವುವು. ಹೀಗೆ ಕಾದು ಕಳಿತ ಗೊಬ್ಬರವನ್ನೇ ಹೊಲಕ್ಕೂ ಅಂಗಳಕ್ಕೂ ಹಾಕತಕ್ಕದ್ದು.

6. ಔಷಧಗಳ ವಿಷಯ

ಅಂಗಡಿಯಲ್ಲಿ ಸಿಕ್ಕುವ ಕಳೆನಾಶಕಗಳನ್ನು ಹೊಡೆದರೆ ಶ್ರಮವಿಲ್ಲವೆಂದು ಕೆಲವರ ಅಭಿಪ್ರಾಯ. ಗ್ಲೈಫೊಸೇಟ್ ಎಂಬುದು ಕಳೆಯೊಡನೆ ಗರಿಕೆಯನ್ನೂ ಕೊಲ್ಲುವುದು. ಬರಿದಾದ ನೆಲವನ್ನು ಮುಂದಿನ ಮಳೆಗೆ ಮೊದಲು ಹಿಡಿಯುವುದು ಪಾರ್ಥೇನಿಯಮ್ಮೇ. 2,4-ಡಿ ಎಂಬುದು ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವುದು ನಿಜ. ಆದರೆ ಗಾಳಿಯಲ್ಲಿ ತೇಲಿಹೋದ ಅದರ ತುಂತುರು ಹತ್ತಿ, ಟೊಮೇಟೊ, ದ್ರಾಕ್ಷಿಗಳ ಎಲೆಯನ್ನು ಮುರುಟಿಸಿ ಬೆಳೆಯನ್ನೇ ಕೆಡಿಸುವುದು. ನಿಮ್ಮ ಅಂಗಳದ ಪಕ್ಕದಲ್ಲಿ ನೆರೆಯವನ ಹತ್ತಿಯ ಹೊಲವೋ ತರಕಾರಿಯ ಮಡಿಯೋ ಇದ್ದರೆ ಆಗುವ ವ್ಯಾಜ್ಯವನ್ನು ತಾವೇ ಊಹಿಸಬಹುದು. ಪಾರ್ಥೇನಿಯಂ ಮೇಲೆ ನೂರು ಲೀಟರ್ ನೀರಿಗೆ ಹದಿನೈದರಿಂದ ಇಪ್ಪತ್ತು ಕಿಲೋಗ್ರಾಂ ಅಡಿಗೆ ಉಪ್ಪನ್ನು ಕರಗಿಸಿ ಎರಚುವ ಪದ್ಧತಿಯೂ ಉಂಟು. ರಸ್ತೆಯ ಅಂಚಿಗೆ ಅದು ಸರಿ. ಅಂಗಳಕ್ಕೂ ಹೊಲಕ್ಕೂ ಸಲ್ಲದು, ನೆಲ ಚೌಳಾಗುವುದು. ಒಂದೆರಡು ಗುಂಟೆಯ ಅಂಗಳಕ್ಕೆ ಕೈಯೂ ಕುರ್ಚಿಗೆಯೂ ಸಾಕು. ಔಷಧ ಬೇಕೇಬೇಕೆಂದು ತೋರಿದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನೋ, ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನೋ ವಿಚಾರಿಸಿ ಮುಂದುವರಿಯತಕ್ಕದ್ದು.

ತಾನಾಗಿ ಹುಟ್ಟಿದುದೆಲ್ಲವೂ ಕಳೆಯಲ್ಲವೆಂಬ ಮಾತನ್ನೂ ಇಲ್ಲಿ ಹೇಳಬೇಕು. ಗೋಣಿಸೊಪ್ಪು, ಅಣ್ಣೆಸೊಪ್ಪು ಮುಂತಾದುವನ್ನು ನಮ್ಮ ಹೆಂಗಸರು ಆರಿಸಿ ಬೆರಕೆಸೊಪ್ಪಿನ ಸಾರು ಮಾಡುವರು. ಮುದ್ದೆಗೆ ಅದರಂತಹ ಜೊತೆ ಬೇರೆ ಇಲ್ಲ. ತುಂಬೆಯ ಹೂವು ಶಿವನಿಗೆ ಪ್ರಿಯ. ಇವುಗಳಿಗೆ ಹಿತ್ತಿಲಲ್ಲಿ ಒಂದು ಮೂಲೆ ಬಿಟ್ಟರೆ ಲಾಭವೇ. ಔಷಧ ಹೊಡೆದ ನೆಲದಲ್ಲಿ ಮಾತ್ರ ಸೊಪ್ಪನ್ನು ಎಂದಿಗೂ ಕೊಯ್ಯಕೂಡದು.

7. ಊರೊಟ್ಟಿನ ಕೆಲಸ

ಕಡೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಶೇಷ ಪ್ರಾರ್ಥನೆ. ಒಬ್ಬನ ಅಂಗಳ ಶುಚಿಯಾಗಿ ನೆರೆಯವನದು ಕಾಡಾಗಿದ್ದರೆ ಮೊದಲನೆಯವನ ಶ್ರಮ ಗಾಳಿಯ ಪಾಲು. ಶಾಲೆಯ ಬಯಲು, ಬಸ್ಸು ನಿಲ್ಲುವ ಸ್ಥಳ, ಕೆರೆಯ ಏರಿ, ಗುಂಡುತೋಪು, ಹೆದ್ದಾರಿಯ ಅಂಚು ಇವುಗಳಿಗೆ ಒಡೆಯನಾರೂ ಇಲ್ಲದ ಕಾರಣ ಕಳೆಗೆ ಇವೇ ತವರುಮನೆಗಳಾಗಿವೆ. ಹೊಲದ ಕೆಲಸಕ್ಕೆ ಮುಯ್ಯಾಳು ಕಟ್ಟುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದುದು. ಅದೇ ರೀತಿಯಲ್ಲಿ ದಸರೆಯ ಮೇಲೆ ಒಂದು ದಿನ, ಸಂಕ್ರಾಂತಿಯ ಮುಂಚೆ ಒಂದು ದಿನ, ಮನೆಗೊಂದಾಳಿನಂತೆ ಸೇರಿ ಈ ಸ್ಥಳಗಳನ್ನು ಶುದ್ಧ ಮಾಡಬಹುದು. ಕಿತ್ತ ನೆಲದಲ್ಲಿ ಮುಂದಿನ ಮಳೆಗೆ ತಗಚೆಯ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಮ್ಮನ್ನು ತಲೆಯೆತ್ತಗೊಡಿಸುವುದಿಲ್ಲ.

ಇಷ್ಟು ಬಲಿತ ಕಳೆ ಹೋಗುವುದುಂಟೇ ಎಂದು ಸಂಶಯಪಡುವವರು ಪಾಪಾಸುಕಳ್ಳಿಯನ್ನು ನೆನಸಿಕೊಳ್ಳಬೇಕು. ಹಿಂದೆ ದಕ್ಷಿಣ ದೇಶದಲ್ಲಿ ಸಾವಿರಾರು ಎಕರೆ ಭೂಮಿಯನ್ನು ಅದು ಆಕ್ರಮಿಸಿತ್ತು. 1926ರಲ್ಲಿ ಸಿಂಹಳದಿಂದ ತಂದ ಒಂದು ಜಾತಿಯ ಸಣ್ಣ ಕೀಟವು ಅದರ ರಸವನ್ನು ಹೀರಿ ಕೆಲವೇ ವರ್ಷಗಳಲ್ಲಿ ಅದನ್ನು ಬಹುಮಟ್ಟಿಗೆ ಅಡಗಿಸಿತು. ಪಾಪಾಸುಕಳ್ಳಿಗೆ ಕೀಟ ಮಾಡಿದುದನ್ನು ಮಾಗಿಯ ಕಳೆಗೆ ನಾವೇ ಮಾಡಬೇಕಾಗಿದೆ. ಅದಕ್ಕೆ ಬೇಕಾದುದು ಹಣವಲ್ಲ. ಹೂವು ಅರಳುವುದಕ್ಕೆ ಮುಂಚೆ ಬಗ್ಗಿ ಕೀಳುವ ಎಚ್ಚರ ಮಾತ್ರ. ಈ ವರ್ಷದ ಆಯುಧಪೂಜೆಯಂದು ನೇಗಿಲು ಕುಂಟೆಗಳೊಡನೆ ಕುರ್ಚಿಗೆಗೂ ಕುಂಕುಮವಿಟ್ಟು, ಮರುವಾರವೇ ಅದನ್ನು ಅಂಗಳಕ್ಕೆ ಇಳಿಸಬೇಕೆಂದು ತಮ್ಮೆಲ್ಲರನ್ನೂ ಕೋರುತ್ತೇನೆ.